ಸೇವೆ ಸ್ವೀಕರಿಸಲು ಜನ ಬೇಕಾಗಿದ್ದಾರೆ

ನಮ್ಮ ಪೇಟೆಯಲ್ಲಿ ಈಗ ಬಡವರಿಗೆ ಭಾರೀ ಬೇಡಿಕೆ. ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಪೇಟೆ ಇದು. ಒಂದು ಸಹಕಾರಿ ಬ್ಯಾಂಕು, ಎರಡು ಬೇಕರಿ, ಮೂರು ಅಡಿಕೆ ಅಂಗಡಿ. ರೋಟರಿ, ಲಯನ್ಸ್ ಥರದ ಸೇವಾ ಕ್ಲಬ್ಬುಗಳು ಮಾತ್ರ ನಾಲ್ಕು. ವರ್ಷಕ್ಕೆ ಎಷ್ಟು ಜನರಿಗೆ ಸೇವೆ ಮಾಡಿದೆವು ಅಂತ ನಾಲ್ಕೂ ಕ್ಲಬ್ಬಿನವರು ಮೇಲಕ್ಕೆ ಲೆಕ್ಕ ಕೊಡಬೇಕು. ಮಾಡುವವರು ಹೆಚ್ಚಾಗಿ, ಮಾಡಿಸಿಕೊಳ್ಳುವವರು ಸಾಲದೆ ಹೋಗಿದ್ದಾರೆ. ಇರುವ ನಾಲ್ಕೈದು ಮಂದಿಯನ್ನೇ ಸರದಿಯಲ್ಲಿ ಹಂಚಿಕೊಳ್ಳಬೇಕು. ಗುಡ್ಡೆಯ ಮೇಲಿನ ಬೀಡಿ ಕಟ್ಟುವ ಅಜ್ಜಿಯ ಡೇಟ್ ಬೇಕಾದರೆ ಹದಿನೈದು ದಿನ ಮೊದಲೇ ಹೇಳಿಡಬೇಕಂತೆ.

ಆ ಅಜ್ಜಿಯ ಮನೆಯಲ್ಲಿ ಒಂಬತ್ತು ಕಂಬಳಿ ಇವೆ. ಕಾಸರಗೋಡಿನಲ್ಲಿ ಕಂಬಳಿ! ಏಪ್ರಿಲಿನಲ್ಲಿ ಫ್ಯಾನಿನ ಅಡಿಯಲ್ಲಿ ಕೂತರೂ ಬೆವರು ನಿಲ್ಲದ ಊರು. ಆದರೆ ಕ್ಲಬ್ಬಿನ ವರ್ಷ ಶುರುವಾಗುವುದು ಜುಲೈ 1ಕ್ಕೆ, ಮುಗಿಯುವುದು ಜೂನ್ 30ಕ್ಕೆ. ಮೊದಲ ಎರಡು ತಿಂಗಳು ಪದಗ್ರಹಣಕ್ಕೆ ಹೋಗುತ್ತದೆ. ಆಮೇಲೆ ಪದಗ್ರಹಣ ಮಾಡಿದವರಿಗೆ ಅಭಿನಂದನೆ. ನಂತರ ಕ್ಲಬ್ಬುಗಳ ಮೇಲಿನ ಜಿಲ್ಲಾ ಗವರ್ನರ್ ಭೇಟಿಯ ತಯಾರಿ, ಗವರ್ನರ್ ಭೇಟಿ, ಗವರ್ನರ್ ಭೇಟಿ ಯಶಸ್ವಿಯಾದದ್ದಕ್ಕೆ ಊಟ. ಇಷ್ಟೆಲ್ಲ ಮುಗಿದು ಸೇವೆ ನೆನಪಾಗುವ ಹೊತ್ತಿಗೆ ಏಪ್ರಿಲ್ ಬಂದಿರುತ್ತದೆ. ಆಗ ಕಂಬಳಿಗೆ ಅಂಗಡಿಯಲ್ಲಿ ರಿಯಾಯಿತಿಯೂ ಸಿಗುತ್ತದೆ. ಅಜ್ಜಿ ದಡ್ಡರಲ್ಲ. ಕಂಬಳಿಗಳನ್ನು ಅಂಗಳದಲ್ಲಿ ಹಾಸಿ ಗೇರುಬೀಜ ಒಣಗಿಸುತ್ತಾರೆ.

ಸಮಾರಂಭದ ವೇದಿಕೆ ನೋಡಬೇಕು ನೀವು. ಫಲಾನುಭವಿ ಒಬ್ಬರು, ಕುರ್ಚಿ ಹದಿನಾಲ್ಕು. ಹಾಲಿ ಅಧ್ಯಕ್ಷರು, ನಿಕಟಪೂರ್ವ ಅಧ್ಯಕ್ಷರು, ಅದಕ್ಕೂ ಹಿಂದಿನ ಅಧ್ಯಕ್ಷರು, ಬರುವ ವರ್ಷದ ಅಧ್ಯಕ್ಷರು. ಸುಮ್ನೆ ಸದಸ್ಯರಾಗಿಯೇ ಉಳಿದವರು ಯಾರೂ ಇಲ್ಲ. ಒಬ್ಬೊಬ್ಬರ ಹೆಸರಿನ ಹಿಂದೆ ಮುಂದೆ ಅಕ್ಷರಗಳ ಸಾಲು. ಕೆಲವು ಅಕ್ಷರಗಳು 1000 ಡಾಲರ್ ಕೊಟ್ಟರೆ ಸಿಗುತ್ತವೆ. ರೋಟರಿಯಲ್ಲಾದರೆ ಪೌಲ್ ಹ್ಯಾರಿಸ್ ಫೆಲೋ, ಲಯನ್ಸಿನಲ್ಲಾದರೆ ಮೆಲ್ವಿನ್ ಜೋನ್ಸ್ ಫೆಲೋ. ಆ ದುಡ್ಡು ಒಳ್ಳೆ ಕೆಲಸಕ್ಕೇ ಹೋಗುತ್ತದೆ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ನಿರೂಪಕರು ಅಷ್ಟೂ ಅಕ್ಷರಗಳನ್ನು ಓದಿ ಮುಗಿಸುವಾಗ ಸಂಜೆ ಐದರ ಕಾರ್ಯಕ್ರಮಕ್ಕೆ ರಾತ್ರಿ ಎಂಟಾಗಿರುತ್ತದೆ.

ಕಳೆದ ಸಲ ಗಾಲಿಕುರ್ಚಿ ವಿತರಣೆ ಇತ್ತು. ಪಡೆಯುವವರು ಮಧ್ಯವಯಸ್ಸಿನ ಒಬ್ಬರು. ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಅಳಿಯನೂ ನೆರೆಮನೆಯವರೂ ಅವರನ್ನು ಹೊತ್ತುಕೊಂಡು, ತೋಟದ ನಡುವಿನ ಕಾಲುಸಂಕ ದಾಟಿಸಿ, ರಿಕ್ಷಾದಲ್ಲಿ ಕೂರಿಸಿ ನಾಲ್ಕೂವರೆಗೇ ಕರೆತಂದಿದ್ದರು. ಎಂಟೂಕಾಲಿಗೆ ಅವರನ್ನು ವೇದಿಕೆಗೆ ಎತ್ತಿ ಕುರ್ಚಿಯಲ್ಲಿ ಕೂರಿಸಲಾಯಿತು. ಹದಿನಾಲ್ಕು ಜನ ಹಿಂದೆ ನಿಂತರು. ಎಲ್ಲರೂ ಕುರ್ಚಿಗೆ ಒಂದೊಂದು ಕೈ ತಾಗಿಸಬೇಕಲ್ವಾ, ಹಿಡಿಯಲು ಜಾಗ ಸಾಲದೆ ಒಬ್ಬರು ಗಾಲಿಯನ್ನೇ ಹಿಡಿದರು. ಫೋಟೋದಲ್ಲಿ ಆ ಮನುಷ್ಯರ ಮೂಗು, ಒಂದು ಕಣ್ಣು ಕಾಣುತ್ತದೆ. ಆಮೇಲೆ ಅವರನ್ನು ಮತ್ತೆ ಹೊತ್ತುಕೊಂಡೇ ಮನೆಗೆ ಸೇರಿಸಿದರು. ಕುರ್ಚಿ ಮಡಚಿದ ಹಾಗೇ ಜಗಲಿಯಲ್ಲಿದೆ. ಕಾಲುಸಂಕದ ಮೇಲೆ ಗಾಲಿ ಓಡುವುದಿಲ್ಲ. ಐವತ್ತು ಅಡಿ ದಾರಿ ಮಾಡಿಸಿಕೊಟ್ಟರೆ ಓಡುತ್ತದೆ. ಆದರೆ ದಾರಿಯನ್ನು ವೇದಿಕೆಗೆ ತಂದು ಹಸ್ತಾಂತರಿಸುವುದು ಹೇಗೆ?

ರಕ್ತದಾನ ಶಿಬಿರದ ಕಥೆ ಚಿಕ್ಕದು. ರಕ್ತ ಕೊಡಲು ತೂಕ ಕನಿಷ್ಠ 45 ಕೆ.ಜಿ. ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ರಕ್ತ ತೆಗೆಯುವುದಿಲ್ಲ. ನಮ್ಮ ಅಧ್ಯಕ್ಷರು ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವರು. ಹಾಗಂತ ಉದ್ಘಾಟನೆ ಬಿಡಲಾಗುತ್ತದೆಯೇ? ಮಂಚದ ಮೇಲೆ ಮಲಗಿ ಕೈಯಲ್ಲಿ ಚೆಂಡು ಅಮುಕಿದರು, ನರ್ಸಮ್ಮ ಸೂಜಿ ಇಲ್ಲದ ಕೈಗೆ ಹತ್ತಿ ಅಂಟಿಸಿದರು, ಫೋಟೋ ಆಯಿತು. ಮರುದಿನದ ಪತ್ರಿಕೆಯಲ್ಲಿ 'ಸ್ವತಃ ರಕ್ತದಾನ ಮಾಡುವ ಮೂಲಕ ಉದ್ಘಾಟಿಸಿದರು' ಅಂತ ಬಂತು. ನಡುರಾತ್ರಿ ಫೋನ್ ಬಂದರೆ ಬೈಕ್ ಹತ್ತಿ ತಲಪಾಡಿಯ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬರುವ ಹುಡುಗರು ನಮ್ಮೂರಲ್ಲೇ ಇದ್ದಾರೆ. ಅವರಿಗೆ ಬ್ಯಾನರ್ ಇಲ್ಲ.

ತುಳುವರ ಆಟಿ ತಿಂಗಳಲ್ಲಿ ಇನ್ನೊಂದು ಗಮ್ಮತ್ತು. ಹಿಂದೆ ಆಟಿ ಅಂದರೆ ಹಸಿವಿನ ತಿಂಗಳು. ಬಿಡದ ಮಳೆ, ಕೆಲಸ ಇಲ್ಲ, ಮನೆಯಲ್ಲಿ ಅಕ್ಕಿ ತಳ ಕಂಡಿರುತ್ತಿತ್ತು. ತಗತೆ ಸೊಪ್ಪು, ಕಣಿಲೆ, ಹಲಸಿನ ಬೀಜ, ಕೆಸುವಿನ ಎಲೆ, ಸಿಕ್ಕಿದ್ದನ್ನು ಬೇಯಿಸಿ ದಿನ ದೂಡುತ್ತಿದ್ದರು. ಆ ಕಷ್ಟವನ್ನು ಮುಂದಿನ ಪೀಳಿಗೆಗೆ ತಿಳಿಸಬೇಕು ಅಂತ ಈಗ ಕ್ಲಬ್ಬಿನವರು ಏಸಿ ಹಾಲಿನಲ್ಲಿ 'ಆಟಿಡೊಂಜಿ ದಿನ', ಅಂದರೆ ಆಟಿಯಲ್ಲೊಂದು ದಿನ, ಮಾಡುತ್ತಾರೆ. ಹಸಿವಿನ ನೆನಪಿಗೆ ಇಪ್ಪತ್ತೆರಡು ಬಗೆಯ ಬಫೆ. ಪತ್ರೊಡೆಗೆ ಎರಡನೇ ಸಲ ಸರದಿ ನಿಂತವರು ಅಜ್ಜಂದಿರ ಬಡತನವನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಊಟ ಜಾಸ್ತಿಯಾಗಿದೆ ಅಂತಲೂ ಇರಬಹುದು.

ಸೇವಾ ಕ್ಲಬ್ಬುಗಳೆಲ್ಲ ಹೀಗೇ ಅಂತಲ್ಲ. 1985ರಲ್ಲಿ ರೋಟರಿ ಪೋಲಿಯೋ ಹಿಂದೆ ಬಿತ್ತು. ನಮ್ಮ ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಮೂರು ವರ್ಷ ಕಳೆದು 2014ರ ಮಾರ್ಚಿನಲ್ಲಿ ಪೋಲಿಯೋ ಮುಕ್ತ ಅನ್ನುವ ಪ್ರಮಾಣಪತ್ರ ಸಿಕ್ಕಿತು. ಸರಕಾರದ ಜೊತೆ ಮನೆಮನೆ ಸುತ್ತಿದವರಲ್ಲಿ ಈ ಕ್ಲಬ್ಬುಗಳ ಸದಸ್ಯರೂ ಇದ್ದರು. ಇನ್ನೂ ಹಿಂದಕ್ಕೆ ಹೋದರೆ, ಚಿಕಾಗೋದಲ್ಲಿ 1905ರಲ್ಲಿ ಹುಟ್ಟಿದ ಮೊದಲ ರೋಟರಿ ಕ್ಲಬ್ಬು 1907ರ ಸುಮಾರಿಗೆ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತೇ? ಶೌಚಾಲಯ ಕಟ್ಟಿಸುವುದು.

ಇದನ್ನು ಓದಿದ ಹುರುಪಿನಲ್ಲಿ ನಮ್ಮೂರ ಹೈಸ್ಕೂಲಿನ ನಿವೃತ್ತ ಮಾಷ್ಟ್ರೊಬ್ಬರು ತಮ್ಮ ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತರು. ಪೇಟೆಗೆ ಬರುವ ಹೆಂಗಸರಿಗೆ ಒಂದು ಶೌಚಾಲಯ ಇಲ್ಲ, ಬೀಡಿ ಕೊಡಲು ಬಂದವರು ಬೆಳಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ, ಈ ವರ್ಷ ಅದೊಂದು ಮಾಡೋಣ ಅಂದರು. ಸಭೆ ಗಂಭೀರವಾಯಿತು.

"ಮಾಷ್ಟ್ರೇ, ಯೋಚನೆ ಒಳ್ಳೆಯದೇ. ನಮ್ಮ ಹೆಸರು ಎಲ್ಲಿ ಹಾಕುವುದು?" ಅಂತ ಕೇಳಿದರು ಖಜಾಂಚಿ.

"ಒಳಗೆ ಹಾಕಿದರೆ ಒಬ್ಬೊಬ್ಬರೇ ಓದುತ್ತಾರೆ" ಅಂದರು ಒಬ್ಬರು.

"ಹೊರಗೆ ಹಾಕಿದರೆ ಎಲ್ಲರೂ ಓದುತ್ತಾರೆ" ಅಂತ ಹೆದರಿದರು ಇನ್ನೊಬ್ಬರು.

ರಿಬ್ಬನ್ ಕತ್ತರಿಸಿದ ಮೇಲೆ ಮುಖ್ಯ ಅತಿಥಿಗಳು ಒಳಗೆ ಹೋಗಬೇಕೋ ಬೇಡವೋ ಎಂಬುದರ ಮೇಲೆ ಅರ್ಧ ಗಂಟೆ ಚರ್ಚೆ ನಡೆಯಿತು. ಕೊನೆಗೆ ಸರ್ವಾನುಮತದಿಂದ ಬಸ್ ತಂಗುದಾಣ ಕಟ್ಟಿಸಿದರು. ಆಗಲೇ ಇದ್ದ ತಂಗುದಾಣದ ಎದುರಿಗೇ. ಹೆಸರುಗಳೆಲ್ಲ ಹಿಡಿಸಬೇಕು ಅಂತ ಮಾಡನ್ನು ಎಷ್ಟು ಎತ್ತರಕ್ಕೆ ಏರಿಸಿದ್ದಾರೆಂದರೆ, ಇರಚಲು ಹೊಡೆದರೆ ಬೆಂಚಿನಲ್ಲಿ ಕೂತವರು ಪೂರ್ತಿ ಒದ್ದೆ. ಬೋರ್ಡಿಗೆ ಒಂದು ಹನಿ ತಾಗುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಸೇವೆ ಪಡೆದದ್ದು ನಮ್ಮ ಕನ್ನಡ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆ. ಮಕ್ಕಳು ನಲವತ್ತು ತುಂಬುವುದಿಲ್ಲ. ಒಂದೊಂದು ಮಗುವಿಗೆ ಮೂರು ಕೊಡೆ, ಎರಡು ಬ್ಯಾಗು. ಕಾರು ಗೇಟಿಗೆ ಬಂದರೆ ಸಾಕು, ಒಂದನೇ ಕ್ಲಾಸಿನವರೂ ಯಾರೂ ಹೇಳದೆ ಗಿಡ್ಡದಿಂದ ಉದ್ದಕ್ಕೆ ಸಾಲು ನಿಲ್ಲುತ್ತಾರೆ. ಈ ವರ್ಷ ಹೆಡ್ಮಾಷ್ಟ್ರು ಕೈ ಮುಗಿದರು. "ಕೊಡೆ ಸಾಕು ಮಾರಾಯ್ರೆ. ಕನ್ನಡ ಬರುವ ಒಬ್ಬರು ಟೀಚರ್ ಬೇಕು. ಇಲಾಖೆಗೆ ನೀವೂ ಒಂದು ಮನವಿ ಕೊಡಿ. ಅವರು ಬರುವ ತನಕ ಯಾರಿಗಾದರೂ ಗೌರವಧನ ಕೊಟ್ಟು ಪಾಠ ಮಾಡಿಸಿದರೂ ಆದೀತು."

1956ರಲ್ಲಿ ಕೇರಳಕ್ಕೆ ಸೇರಿದ ಈ ಗಡಿಯಲ್ಲಿ ಕನ್ನಡ ಶಾಲೆಗೆ ಮಲಯಾಳ ಮಾತ್ರ ಬಲ್ಲವರು ಬರುವುದು, ಹೆತ್ತವರು ಗೇಟಿನಲ್ಲಿ ಪ್ರತಿಭಟನೆ ಕೂರುವುದು ಹೊಸ ಸುದ್ದಿಯೇನಲ್ಲ. ಕ್ಲಬ್ಬಿನವರು ಪರಸ್ಪರ ಮುಖ ನೋಡಿಕೊಂಡರು. ಮನವಿ ಕೊಟ್ಟರೆ ರಾಜಕೀಯವಾಗುತ್ತದೆ. ಗೌರವಧನವನ್ನು ತಿಂಗಳು ತಿಂಗಳು ಕೊಡಬೇಕಾಗುತ್ತದೆ, ಫೋಟೋ ಒಂದೇ ಸಲ ಬರುತ್ತದೆ. ಆದರೂ ಹೆಡ್ಮಾಷ್ಟ್ರ ಬೇಡಿಕೆಯನ್ನು ತಳ್ಳಿಹಾಕಲಿಲ್ಲ. ಶಾಲೆಗೆ ಟೀಚರ್ ವಿಷಯದಲ್ಲಿ ಏನಾದರೂ ಮಾಡಲೇಬೇಕು ಅಂತ ತೀರ್ಮಾನಿಸಿದರು. ಸೆಪ್ಟೆಂಬರ್ 5ಕ್ಕೆ ಬಂದು ಇದ್ದ ಟೀಚರಿಗೆ ಸನ್ಮಾನ ಮಾಡಿದರು.

ಟೀಚರ್ ತಿರುವನಂತಪುರ ಕಡೆಯವರು. ಪಾಪ, ಒಳ್ಳೆಯ ಹೆಂಗಸು. "ಎನಿಕ್ಕ್ ಕನ್ನಡ ಅರಿಯಿಲ್ಲ" ಅಂತ ಮೊದಲ ದಿನವೇ ಹೇಳಿದವರು. ವೇದಿಕೆಯಲ್ಲೂ ಅದನ್ನೇ ಹೇಳಿದರು. ಅಧ್ಯಕ್ಷರು ಅದನ್ನು ವಿನಯ ಅಂತ ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಸ್ಮರಣಿಕೆಯ ಮೇಲೆ ದಪ್ಪ ಅಕ್ಷರದಲ್ಲಿ 'ಗಡಿನಾಡಿನಲ್ಲಿ ಕನ್ನಡದ ದೀಪ ಬೆಳಗಿಸುತ್ತಿರುವ ಗುರುಗಳಿಗೆ' ಅಂತ ಬರೆಸಿದ್ದರು.

ಎಲ್ಲರೂ ತಿಂಡಿಗೆ ಎದ್ದ ಮೇಲೆ ಟೀಚರ್ ಸ್ಮರಣಿಕೆಯನ್ನು ತೊಡೆಯ ಮೇಲಿಟ್ಟು ನಾಲ್ಕನೇ ಕ್ಲಾಸಿನ ಒಬ್ಬಳನ್ನು ಕರೆದರು. ಹುಡುಗಿ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿಕೊಟ್ಟಳು. ಟೀಚರ್ ಅವಳ ಹಿಂದೆಯೇ ಹೇಳಿದರು. 'ಬೆಳಗಿಸುತ್ತಿರುವ' ಅನ್ನುವಲ್ಲಿ ಎರಡು ಸಲ ಎಡವಿ, ಮೂರನೇ ಸಲ ಸರಿಯಾಗಿ ಹೇಳಿದಾಗ ಹುಡುಗಿ, "ಈಗ ಸರಿ ಉಂಟು ಟೀಚರ್" ಅಂದಳು.

ಉಪ್ಪಿಟ್ಟಿನ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಕಾರ್ಯದರ್ಶಿ ಕೂಡಲೇ ಫೋನ್ ತೆಗೆದು ಫೋಟೋ ಹೊಡೆದರು. ಆ ತಿಂಗಳ ವರದಿಯಲ್ಲಿ ಅದು ಹೀಗೆ ದಾಖಲಾಗಿದೆ: ವಯಸ್ಕರ ಸಾಕ್ಷರತಾ ತರಗತಿ, ಫಲಾನುಭವಿಗಳು 1, ಖರ್ಚು ಇಲ್ಲ.