ಆಡಬೇಡಮ್ಮಾ, ಸಂಬಳ ತಗೋ

2015ರ ಫೆಬ್ರುವರಿಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಡಯಾನಾ ಟೊರಾಸಿ ತಮ್ಮ ಅಭಿಮಾನಿಗಳಿಗೆ ಒಂದು ಪತ್ರ ಬರೆದರು. ಈ ಸಲದ ಸೀಸನ್‌ನಲ್ಲಿ ಫೀನಿಕ್ಸ್ ಮರ್ಕ್ಯುರಿ ತಂಡಕ್ಕೆ ಆಡುವುದಿಲ್ಲ, ರೆಸ್ಟ್ ತಗೊಳ್ತೀನಿ ಅನ್ನುವುದು ಪತ್ರದ ಸಾರ. ಕೈಕಾಲು ಮುರಿದಿರಲಿಲ್ಲ. ಕೋಚ್ ಜೊತೆ ಜಗಳವೂ ಆಗಿರಲಿಲ್ಲ. ಹಿಂದಿನ ವರ್ಷವಷ್ಟೇ ಅವರ ತಂಡ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಚಾಂಪಿಯನ್ ಆಗಿತ್ತು.

ವಿಷಯ ಏನಪ್ಪಾ ಅಂದರೆ, ಟೊರಾಸಿಗೆ ಇನ್ನೊಂದು ಕೆಲಸ ಇತ್ತು. ಚಳಿಗಾಲ ಬಂದರೆ ರಷ್ಯಾದ ಯೆಕಟೆರಿನ್‌ಬರ್ಗ್ ತಂಡಕ್ಕೆ ಆಡುತ್ತಿದ್ದರು. ಆ ತಂಡವನ್ನು ಸಾಕುತ್ತಿದ್ದುದು ಯುರಾಲ್ ಬೆಟ್ಟಸಾಲಿನ ಒಂದು ತಾಮ್ರದ ಕಂಪನಿ. ಅಲ್ಲಿ ಅವರಿಗೆ ವರ್ಷಕ್ಕೆ ಸುಮಾರು 15 ಲಕ್ಷ ಡಾಲರ್ ಅಂತ ಪತ್ರಿಕೆಗಳು ಬರೆದವು. ಅಮೆರಿಕದ ಲೀಗ್ ಕೊಡುತ್ತಿದ್ದುದು 1 ಲಕ್ಷ 7 ಸಾವಿರ. ಅದೇನು ಕಂಜೂಸಿ ಸಂಬಳ ಅಂದುಕೊಳ್ಳಬೇಡಿ, ಲೀಗ್‌ನ ನಿಯಮದಲ್ಲಿ ಅದೇ ಗರಿಷ್ಠ! ತಾಮ್ರದವರು ಲೆಕ್ಕ ಹಾಕಿದರು. ಈ ಹುಡುಗಿ ಬೇಸಿಗೆಯೆಲ್ಲ ಫೀನಿಕ್ಸ್‌ನಲ್ಲಿ ಮಂಡಿ ಸವೆಸಿಕೊಂಡು, ಅಕ್ಟೋಬರ್‌ನಲ್ಲಿ ಸುಸ್ತಾಗಿ ನಮ್ಮಲ್ಲಿಗೆ ಬರುತ್ತಾಳೆ. ಅಲ್ಲಿ ಸಿಗುವ ಚಿಲ್ಲರೆಗಿಂತ ಒಂದಿಷ್ಟು ಜಾಸ್ತಿ ನಾವೇ ಕೊಟ್ಟು, ಮನೆಯಲ್ಲಿ ಮಲಗು ಅಂದರೆ ಆಗಲ್ವಾ? ಆಯಿತು. ವಿಶ್ವದ ಅತ್ಯುತ್ತಮ ಆಟಗಾರ್ತಿಯರಲ್ಲಿ ಒಬ್ಬರು ತಮ್ಮ ದೇಶದಲ್ಲಿ ಆಡದೆ ಇರುವುದಕ್ಕೆ ಪರದೇಶದಿಂದ ಸಂಬಳ ಎಣಿಸಿದರು.

ಕೆಲಸ ಮಾಡದೆ ಸಂಬಳ ಪಡೆಯುವುದರಲ್ಲಿ ಜಗತ್ತಿಗೆ ನಾವೇ ಗುರು ಅಂತ ನಮ್ಮ ಸರ್ಕಾರಿ ಕಚೇರಿಗಳಿಗೆ ಒಂದು ಹೆಮ್ಮೆ ಇತ್ತು. ಪಾಪ, ಅದೂ ಹೋಯಿತು.

ಟೊರಾಸಿ ಏನು ಸಾಮಾನ್ಯರಲ್ಲ. ಕಾಲೇಜಿನಲ್ಲಿ ಸತತ ಮೂರು ವರ್ಷ ರಾಷ್ಟ್ರೀಯ ಚಾಂಪಿಯನ್. 2004ರ ಡ್ರಾಫ್ಟ್‌ನಲ್ಲಿ, ಅಂದರೆ ಲೀಗ್‌ನ ತಂಡಗಳು ಹೊಸಬರನ್ನು ಸರದಿ ಪ್ರಕಾರ ಆರಿಸಿಕೊಳ್ಳುವಲ್ಲಿ, ಮೊದಲ ಆಯ್ಕೆ. ಅದೇ ವರ್ಷ ಅಥೆನ್ಸ್‌ನಲ್ಲಿ ಒಲಿಂಪಿಕ್ ಚಿನ್ನ. ನಮ್ಮ ಹಿರಿಯರು ಮನೆ ಗೆದ್ದು ಮಾರು ಗೆಲ್ಲು ಅಂದಿದ್ದಾರಲ್ಲ, ಈಕೆ ಮನೆಯನ್ನು ಚೆನ್ನಾಗಿಯೇ ಗೆದ್ದರು. ಗೆದ್ದ ಮನೆ ಕೊಟ್ಟ ಮೊದಲ ವರ್ಷದ ಸಂಬಳ 40,800 ಡಾಲರ್.

ಅದಕ್ಕೂ ಒಂದು ವರ್ಷ ಮುಂಚೆ ಗಂಡಸರ ಲೀಗ್‌ನಲ್ಲಿ ಮೊದಲ ಆಯ್ಕೆಯಾದ ಹುಡುಗನ ಹೆಸರು ಲೆಬ್ರಾನ್ ಜೇಮ್ಸ್. ಅವನ ಮೊದಲ ವರ್ಷದ ಸಂಬಳ ಸುಮಾರು 40 ಲಕ್ಷ ಡಾಲರ್. ಇಬ್ಬರಿಗೂ ನಲವತ್ತೇ. ಸಮಾನತೆ ಇಲ್ಲ ಅಂತ ಸುಮ್ನೆ ಯಾಕೆ ದೂರಬೇಕು? ಎರಡು ಸೊನ್ನೆ ಆಚೀಚೆ ಆಗಿದೆ, ಅಷ್ಟೇ. ಆಗಿನ ದಿನ ನೆನೆದು ಟೊರಾಸಿ ಈಚೆಗೆ ಹೇಳಿದ್ದು: ನಾವು ಆಡುತ್ತಿದ್ದ ಕ್ರೀಡಾಂಗಣದಲ್ಲಿ ಕಸ ಗುಡಿಸುವವನಿಗೆ ನನಗಿಂತ ಜಾಸ್ತಿ ಸಂಬಳ ಇತ್ತು. ಮಧ್ಯೆ ಒಂದು ಬೈಗುಳವನ್ನೂ ಸೇರಿಸಿದ್ದರು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗಂಡಸರ ಆಟಕ್ಕೆ ಜನ ಬರ್ತಾರೆ, ಟಿವಿ ದುಡ್ಡು ಬರುತ್ತೆ, ಹೆಂಗಸರ ಆಟಕ್ಕೆ ಬರಲ್ಲ, ಮಾರುಕಟ್ಟೆ ಅಂದಮೇಲೆ ಹೀಗೇನೇ ಅನ್ನುವವರು ಈ ಹೊತ್ತಿಗೆ ಬೆರಳು ಎತ್ತಿರುತ್ತಾರೆ. ಇಳಿಸಿ ಸ್ವಾಮಿ. ದುಡ್ಡು ಕಮ್ಮಿ ಬರುತ್ತಿತ್ತು ಅನ್ನುವುದು ನಿಜ. ಆದರೆ ಗಂಡಸರ ಲೀಗ್ ತನ್ನ ಆದಾಯದಲ್ಲಿ ಸರಿಸುಮಾರು ಅರ್ಧವನ್ನು ಆಟಗಾರರಿಗೆ ಹಂಚುತ್ತದೆ. ಹೆಂಗಸರ ಲೀಗ್‌ನಲ್ಲಿ ಆ ಪಾಲು ಅದಕ್ಕಿಂತ ಎಷ್ಟೋ ಚಿಕ್ಕದು. ತಟ್ಟೆ ಚಿಕ್ಕದು ಸರಿ, ತುತ್ತನ್ನೂ ಚಿಕ್ಕದು ಮಾಡಿ ಅಂತ ಯಾವ ಮಾರುಕಟ್ಟೆ ಹೇಳಿತ್ತು?

ಸರಿ, ಟೊರಾಸಿ ಮಾರು ಗೆಲ್ಲಲು ಹೊರಟರು. ಮೊದಲು ಮಾಸ್ಕೋದ ಡೈನಮೋ, ಆಮೇಲೆ ಮಾಸ್ಕೋ ಹತ್ತಿರದ ಸ್ಪಾರ್ಟಕ್. ಈ ಸ್ಪಾರ್ಟಕ್ ತಂಡದ ಯಜಮಾನ ಶಬ್ತಾಯ್ ಕಲ್ಮನೊವಿಚ್ ಬಗ್ಗೆ ಎರಡು ಮಾತು ಹೇಳಲೇಬೇಕು. ಹುಟ್ಟಿದ್ದು ಲಿಥುವೇನಿಯಾದಲ್ಲಿ, ಬೆಳೆದು ಹೋಗಿದ್ದು ಇಸ್ರೇಲಿಗೆ. ಅಲ್ಲಿ ಸೋವಿಯತ್ ಒಕ್ಕೂಟದ ಗೂಢಚಾರ ಅಂತ ಸಿಕ್ಕಿಬಿದ್ದು 1988ರಲ್ಲಿ ಒಂಬತ್ತು ವರ್ಷದ ಶಿಕ್ಷೆ ಆಯಿತು. 1993ರಲ್ಲಿ ಬಿಡುಗಡೆ. ಆಮೇಲೆ ರಷ್ಯಾಕ್ಕೆ ಬಂದು ವ್ಯಾಪಾರ ಮಾಡಿ ಕೋಟ್ಯಧಿಪತಿ. ಇಂಥ ಮನುಷ್ಯನಿಗೆ ಹೆಂಗಸರ ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಅಮೆರಿಕದ ತಾರೆಯರಿಗೆ ಈಜುಕೊಳ ಇರುವ ದೊಡ್ಡ ಮನೆ ಕೊಟ್ಟ, ಓಡಾಡಲು ಕಾರು, ಕಾರಿಗೆ ಡ್ರೈವರ್. ಟಿಕೆಟ್ ಮಾರಿ ಆ ದುಡ್ಡು ವಾಪಸ್ ಬರುವ ಮಾತೇ ಇರಲಿಲ್ಲ. ಅವನೂ ಅದನ್ನು ನಿರೀಕ್ಷಿಸಿದ ಹಾಗೆ ಕಾಣಲಿಲ್ಲ. ಸ್ಪಾರ್ಟಕ್ 2007ರಿಂದ 2010ರವರೆಗೆ ಸತತ ನಾಲ್ಕು ಸಲ ಯೂರೋಪಿನ ಕ್ಲಬ್‌ಗಳ ಯೂರೋಲೀಗ್ ಗೆದ್ದಿತು. ನಾಲ್ಕನೆಯದನ್ನು ನೋಡಲು ಯಜಮಾನ ಇರಲಿಲ್ಲ. 2009ರ ನವೆಂಬರ್‌ನಲ್ಲಿ ಮಾಸ್ಕೋದ ಬೀದಿಯಲ್ಲಿ, ಕಾರಿನಲ್ಲಿ ಕೂತಿದ್ದಾಗಲೇ ಅವನನ್ನು ಗುಂಡಿಟ್ಟು ಕೊಂದರು.

ಅಂದರೆ ಅಮೆರಿಕದ ಚಿನ್ನದ ಹುಡುಗಿಗೆ ಅವಳ ಯೋಗ್ಯತೆಗೆ ತಕ್ಕ ಸಂಬಳ ಕೊಟ್ಟ ಮೊದಲಿಗರಲ್ಲಿ ಒಬ್ಬ ಸೋವಿಯತ್ ಒಕ್ಕೂಟದ ಮಾಜಿ ಗೂಢಚಾರ. ಬಂಡವಾಳಶಾಹಿಗಳ ಹಾಗೆ ಸಂಬಳ ಪಡೆಯಲು ನಾವು ಕಮ್ಯುನಿಸ್ಟ್ ದೇಶಕ್ಕೆ ಹೋಗಬೇಕಾಯಿತು ಅಂತ ಟೊರಾಸಿಯೇ ನಕ್ಕಿದ್ದಾರೆ. ರಷ್ಯಾ ಅಷ್ಟು ಹೊತ್ತಿಗೆ ಕಮ್ಯುನಿಸ್ಟ್ ಆಗಿ ಉಳಿದಿರಲಿಲ್ಲ ಅಂತ ತಿದ್ದಬಹುದು. ತಿದ್ದಿದರೆ ಅಮೆರಿಕದ ಮಾನ ಏನೂ ಹೆಚ್ಚುವುದಿಲ್ಲ.

ಟರ್ಕಿಯದ್ದು ಚಿಕ್ಕ ಕಥೆ. 2010ರಲ್ಲಿ ಇಸ್ತಾಂಬುಲ್‌ನ ಫೆನರ್‌ಬಾಚೆ ತಂಡ ಸೇರಿದರು. ಅಲ್ಲಿನ ಪ್ರಯೋಗಾಲಯ ಈಕೆ ನಿಷೇಧಿತ ಮದ್ದು ತಗೊಂಡಿದ್ದಾರೆ ಅಂತ ವರದಿ ಕೊಟ್ಟಿತು. ತಂಡ ಒಪ್ಪಂದ ಮುರಿಯಿತು. ಫೆಬ್ರುವರಿ ಹೊತ್ತಿಗೆ ಅದೇ ಪ್ರಯೋಗಾಲಯ ವರದಿ ವಾಪಸ್ ತಗೊಂಡಿತು. ಹೋದ ಮಾನ, ಹೋದ ಸೀಸನ್ ಮಾತ್ರ ವಾಪಸ್ ಬರಲಿಲ್ಲ. ಬೇರೆಯವರಾಗಿದ್ದರೆ ಆ ಊರಿನ ಕಡೆ ತಲೆ ಹಾಕಿ ಮಲಗುತ್ತಿರಲಿಲ್ಲ. ಟೊರಾಸಿ ಮುಂದಿನ ವರ್ಷ ಅದೇ ಇಸ್ತಾಂಬುಲ್‌ಗೆ ಹೋಗಿ ಫೆನರ್‌ಬಾಚೆಯ ಬದ್ಧವೈರಿ ಗಲಾಟಸರಾಯ್‌ಗೆ ಆಡಿದರು. ಇದಕ್ಕೆ ಒಂದು ಸಲಾಂ.

ಈಗ ಊರಿನ ಕಡೆ ಬರೋಣ, ವಿಮಾನದಲ್ಲಿ.

ಅಮೆರಿಕದಲ್ಲಿ ಗಂಡಸರ ತಂಡಗಳಿಗೆ ಅವರವರದೇ ಚಾರ್ಟರ್ ವಿಮಾನ. ಹೆಂಗಸರು ಮಾತ್ರ ನಮ್ಮ ನಿಮ್ಮ ಹಾಗೆ ಸಾಲಿನಲ್ಲಿ ನಿಂತು, ಬೆಲ್ಟು ಬಿಚ್ಚಿ, ಎಕಾನಮಿ ಸೀಟಿನಲ್ಲಿ ಕೂರಬೇಕಿತ್ತು. ಟೊರಾಸಿಯ ಜೊತೆ ಫೀನಿಕ್ಸ್‌ಗೆ ಆಡುತ್ತಿದ್ದ ಬ್ರಿಟ್ನಿ ಗ್ರೈನರ್ ಎತ್ತರ 6 ಅಡಿ 9 ಇಂಚು. ಐದೂವರೆ ಅಡಿಯವರಿಗೇ ಎದುರಿನ ಸೀಟು ಮಂಡಿಗೆ ಒತ್ತುತ್ತದೆ. ಆಕೆ ಕಾಲನ್ನು ಬಿಚ್ಚಿ ಮೇಲಿನ ಲಗೇಜ್ ಗೂಡಿನಲ್ಲಿ ಇಡಬೇಕಿತ್ತೋ ಏನೋ. ಕೊನೆಗೆ ಆಟಗಾರ್ತಿಯರ ಜೊತೆ ಮಾಡಿಕೊಂಡ 2020ರ ಒಪ್ಪಂದದಲ್ಲಿ ಲೀಗ್ ಕೈ ಬಿಚ್ಚಿತು. ಕಾಲು ಚಾಚಲು ಸ್ವಲ್ಪ ಹೆಚ್ಚು ಜಾಗ ಇರುವ ಸೀಟು, ಮತ್ತೆ ಹೋಟೆಲಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ರೂಮು. ಇದನ್ನು ಐತಿಹಾಸಿಕ ಒಪ್ಪಂದ ಅಂತ ಕರೆದರು.

ಅದಕ್ಕೂ ಮೊದಲು, 2018ರ ಆಗಸ್ಟ್‌ನಲ್ಲಿ, ಲಾಸ್ ವೇಗಸ್ ಏಸಸ್ ತಂಡ ವಾಷಿಂಗ್ಟನ್‌ಗೆ ಹೊರಟಿತು. ವಿಮಾನ ತಡ, ಇನ್ನೊಂದು ವಿಮಾನ, ಅದೂ ತಡ. ವಿಮಾನ ನಿಲ್ದಾಣದಲ್ಲೇ ರಾತ್ರಿ ಕಳೆಯಿತು. ಇಪ್ಪತ್ತೈದು ಗಂಟೆಗೂ ಮೇಲೆ ಪ್ರಯಾಣ ಮಾಡಿ, ಪಂದ್ಯದ ದಿನವೇ ಊರು ಮುಟ್ಟಿದರು. ನಿದ್ದೆಯಿಲ್ಲದೆ ಆಡಿದರೆ ಮೈಕೈ ಮುರಿದುಕೊಳ್ತೀವಿ, ಆಡಲ್ಲ ಅಂದರು ಹುಡುಗಿಯರು. ಲೀಗ್ ಯೋಚನೆ ಮಾಡಿ ನ್ಯಾಯ ಕೊಟ್ಟಿತು: ಏಸಸ್‌ಗೆ ಸೋಲು. ಎದುರಾಳಿ ತಂಡ ಬಾಲ್ ಮುಟ್ಟದೆ ಗೆದ್ದಿತು.

ನ್ಯೂಯಾರ್ಕ್ ಲಿಬರ್ಟಿ ತಂಡದ ಮಾಲೀಕ ಜೋ ತ್ಸಾಯ್ ಅಲಿಬಾಬಾ ಕಂಪನಿ ಕಟ್ಟಿದವರಲ್ಲೊಬ್ಬರು. ಅವರಿಗೆ ಇದನ್ನೆಲ್ಲ ನೋಡಿ ಸಂಕಟವಾಯಿತೋ ಏನೋ, 2021ರ ಸೀಸನ್‌ನ ದ್ವಿತೀಯಾರ್ಧದಲ್ಲಿ ತಮ್ಮ ಆಟಗಾರ್ತಿಯರನ್ನು ಸ್ವಂತ ದುಡ್ಡಿನಲ್ಲಿ ಚಾರ್ಟರ್ ವಿಮಾನದಲ್ಲಿ ಕಳಿಸಿಬಿಟ್ಟರು. ಲೀಗ್ ಪತ್ತೆ ಹಚ್ಚಿತು. ವಿಚಾರಣೆ ಆಯಿತು. 5 ಲಕ್ಷ ಡಾಲರ್ ದಂಡ ಬಿತ್ತು. ತಂಡದ ಮಾನ್ಯತೆಯನ್ನೇ ರದ್ದು ಮಾಡುವ ಮಾತೂ ಒಂದು ಹಂತದಲ್ಲಿ ಬಂದಿತ್ತು ಅಂತ 2022ರಲ್ಲಿ ಪತ್ರಿಕಾ ವರದಿ ಹೊರಬಿತ್ತು. ಒಂದು ತಂಡ ಆರಾಮವಾಗಿ ಹಾರಿದರೆ, ಬಡ ಮಾಲೀಕರ ತಂಡಗಳಿಗೆ ಅನ್ಯಾಯವಾಗುತ್ತದಂತೆ. ಬಡ ಮಾಲೀಕರು! ಅಮೆರಿಕದಲ್ಲಿ ತಂಡ ಇಟ್ಟುಕೊಂಡಿರುವ ಬಡವರನ್ನು ಒಮ್ಮೆ ನೋಡಬೇಕು ಅನ್ನಿಸುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದನ್ನು ಕೇಳಿದ್ದೆವು. ಇಲ್ಲಿ ಪೂಜಾರಿ ದೇವರಿಗೇ ದಂಡ ಹಾಕಿದ. 5 ಲಕ್ಷ ಡಾಲರ್ ಅಂದರೆ ಆ ಕಾಲದಲ್ಲಿ ಇಬ್ಬರು ತಾರಾ ಆಟಗಾರ್ತಿಯರ ವರ್ಷದ ಗರಿಷ್ಠ ಸಂಬಳಕ್ಕಿಂತ ಜಾಸ್ತಿ.

ಇನ್ನು ಗ್ರೈನರ್ ವಿಷಯ. ಅದು ನಗುವ ವಿಷಯವಲ್ಲ, ಆದರೆ ಅದರ ಸುತ್ತ ಕೇಳಿಬಂದ ಮಾತುಗಳಿಗೆ ನಗದೆ ಇರುವುದು ಕಷ್ಟ. ಆಕೆ ಚಳಿಗಾಲದಲ್ಲಿ ಆಡುತ್ತಿದ್ದುದೂ ಅದೇ ತಾಮ್ರದ ತಂಡಕ್ಕೆ. 2022ರ ಫೆಬ್ರುವರಿ 17ರಂದು ಮಾಸ್ಕೋದ ಶೆರೆಮೆತ್ಯೆವೊ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಮಾಡಿದಾಗ ಗಾಂಜಾ ಎಣ್ಣೆಯ ವೇಪ್ (ಇ-ಸಿಗರೇಟ್) ಡಬ್ಬಿಗಳು ಸಿಕ್ಕವು. ಒಟ್ಟು ಎಣ್ಣೆ ಒಂದು ಗ್ರಾಂ ಕೂಡ ಇರಲಿಲ್ಲ. ಶಿಕ್ಷೆ ಒಂಬತ್ತು ವರ್ಷ. ಮೊರ್ಡೋವಿಯಾದ ಜೈಲಿನಲ್ಲಿ ಬಟ್ಟೆ ಹೊಲಿಸಿದರು. ಡಿಸೆಂಬರ್‌ನಲ್ಲಿ ಅಬುಧಾಬಿಯ ವಿಮಾನ ನಿಲ್ದಾಣದಲ್ಲಿ ವಿಕ್ಟರ್ ಬೌಟ್ ಅನ್ನುವ ಕುಖ್ಯಾತ ಶಸ್ತ್ರಾಸ್ತ್ರ ವ್ಯಾಪಾರಿಯನ್ನು ರಷ್ಯಾಕ್ಕೆ ಒಪ್ಪಿಸಿ, ಅಮೆರಿಕ ಆಕೆಯನ್ನು ಬಿಡಿಸಿಕೊಂಡಿತು.

ಅಷ್ಟೂ ತಿಂಗಳು ಅಮೆರಿಕದ ಟಿವಿ ಪಂಡಿತರ ಪ್ರಶ್ನೆ ಒಂದೇ. ಆಕೆ ಅಲ್ಲಿಗೆ ಯಾಕೆ ಹೋಗಬೇಕಿತ್ತು? ದೇಶ ಬಿಟ್ಟು ರಷ್ಯಾಕ್ಕೆ ಹೋದರೆ ಹೀಗೇ ಆಗುವುದು! ಕಾರಣ ಆಕೆಯ ಸಂಬಳದ ಚೀಟಿಯಲ್ಲೇ ಇತ್ತು. ಫೀನಿಕ್ಸ್ ಕೊಡುತ್ತಿದ್ದುದು ಸುಮಾರು 2 ಲಕ್ಷ 28 ಸಾವಿರ ಡಾಲರ್, ರಷ್ಯಾ ಕೊಡುತ್ತಿದ್ದುದು 10 ಲಕ್ಷಕ್ಕೂ ಮೇಲೆ. ಗೋಧಿ ಇಲ್ಲದ ಊರಿನವರು ವಲಸೆ ಹೋದರೆ ಬರಗಾಲ ಅನ್ನುತ್ತಾರೆ, ಬ್ಯಾಸ್ಕೆಟ್‌ಬಾಲ್ ಹುಟ್ಟಿದ ದೇಶದಿಂದ ಬ್ಯಾಸ್ಕೆಟ್‌ಬಾಲ್ ಆಡಲು ವಲಸೆ ಹೋದರೆ ದೇಶಭಕ್ತಿಯ ಕೊರತೆ ಅನ್ನುತ್ತಾರೆ. ಗ್ರೈನರ್ ವಾಪಸ್ ಬಂದರು. 2023ರಲ್ಲಿ ಫೀನಿಕ್ಸ್‌ಗೆ ಮತ್ತೆ ಸಹಿ ಹಾಕಿದರು, 1 ಲಕ್ಷ 65 ಸಾವಿರ ಡಾಲರ್‌ಗೆ, ಅಂದರೆ ಮೊದಲಿಗಿಂತ ಕಮ್ಮಿಗೆ. ಇನ್ನು ಒಲಿಂಪಿಕ್ಸ್ ಬಿಟ್ಟರೆ ಹೊರದೇಶದಲ್ಲಿ ಆಡಲ್ಲ ಅಂದರು. ಜೂನ್‌ನಲ್ಲಿ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ತಂಡದ ಜೊತೆ ಸಾಮಾನ್ಯ ವಿಮಾನಕ್ಕೆ ಹೋಗುವಾಗ ಒಬ್ಬ ಮೊಬೈಲ್ ಹಿಡಿದು ಬಂದು ಕೂಗಾಡಿದ. ಸೀಟಿನ ವಿಷಯ ಇನ್ನೂ ಬಗೆಹರಿದಿರಲಿಲ್ಲ ನೋಡಿ. ಎಲ್ಲ ತಂಡಕ್ಕೂ ಚಾರ್ಟರ್ ವಿಮಾನ ಬಂದಿದ್ದು 2024ರಲ್ಲಿ. ಲೀಗ್ ಶುರುವಾಗಿದ್ದು 1997ರಲ್ಲಿ.

ಈ ಎಲ್ಲದರಿಂದ ಲೀಗ್ ಪಾಠ ಕಲಿಯಲಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಕಲಿಯಿತು. ಹೊರದೇಶದ ಸೀಸನ್ ಮುಗಿಸಿ ತಡವಾಗಿ ಬರುವವರ ಬಗ್ಗೆ ಅದಕ್ಕೆ ಮೊದಲಿಂದಲೂ ಬೇಸರ ಇತ್ತು. 2020ರ ಅದೇ ಐತಿಹಾಸಿಕ ಒಪ್ಪಂದದಲ್ಲಿ ಅದಕ್ಕೊಂದು ನಿಯಮ ಸೇರಿಸಿಕೊಂಡಿತ್ತು. 2023ರಿಂದ ತರಬೇತಿ ಶಿಬಿರಕ್ಕೆ ತಡವಾಗಿ ಬಂದ ಅನುಭವಿ ಆಟಗಾರ್ತಿಗೆ ದಿನಕ್ಕೆ ಸಂಬಳದ ನೂರಕ್ಕೆ ಒಂದು ಪಾಲು ದಂಡ. 2024ರಿಂದ ದಂಡವೂ ಇಲ್ಲ, ಇಡೀ ಸೀಸನ್ ಅಮಾನತು. ಹತ್ತು ಲಕ್ಷ ಕೊಡುವವರ ಬಳಿ ಹೋಗಬೇಡಿ ಅನ್ನಲು ಲೀಗ್ ಎರಡು ದಾರಿ ಯೋಚಿಸಬಹುದಿತ್ತು. ತಾನೂ ಅಷ್ಟು ಕೊಡುವುದು ಒಂದು. ಕಮ್ಮಿ ಕೊಡುವುದರಲ್ಲೂ ಕತ್ತರಿಸುವುದು ಇನ್ನೊಂದು. ಲೀಗ್ ಖರ್ಚಿಲ್ಲದ ದಾರಿ ಹಿಡಿಯಿತು.

ಟೊರಾಸಿ 2025ರ ಫೆಬ್ರುವರಿಯಲ್ಲಿ ನಿವೃತ್ತರಾದರು. ಆರು ಒಲಿಂಪಿಕ್ ಚಿನ್ನ, ಲೀಗ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ, 10,646. ಅಷ್ಟರಲ್ಲಿ ಕಾಲ ಬದಲಾಗಿತ್ತು. ಕೇಟ್ಲಿನ್ ಕ್ಲಾರ್ಕ್ ಅನ್ನುವ ಹುಡುಗಿ 2024ರಲ್ಲಿ ಬಂದು ಕ್ರೀಡಾಂಗಣ ತುಂಬಿಸಿದ್ದಳು. ಟಿವಿಯವರು 11 ವರ್ಷಕ್ಕೆ 220 ಕೋಟಿ ಡಾಲರ್ ಕೊಡಲು ಒಪ್ಪಿದ್ದರು. ಆ ಹುಡುಗಿಯ ಮೊದಲ ವರ್ಷದ ಸಂಬಳ 76,535 ಡಾಲರ್. ಇಪ್ಪತ್ತು ವರ್ಷದಲ್ಲಿ ಇಷ್ಟು ಏರಿದ್ದೇ ಪುಣ್ಯ ಅನ್ನಬೇಕೇನೋ.

2025ರ ಜುಲೈನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಲೀಗ್‌ನ ತಾರೆಯರ ಆಲ್‌ಸ್ಟಾರ್ ಪಂದ್ಯ. ಆಟಕ್ಕೆ ಮುಂಚೆ ತಾಲೀಮಿಗೆ ಇಳಿದ ಆಟಗಾರ್ತಿಯರೆಲ್ಲ ಕಪ್ಪು ಟೀ ಶರ್ಟ್ ಹಾಕಿದ್ದರು. ನಮಗೆ ಬರಬೇಕಾದ್ದನ್ನು ಕೊಡಿ ಅಂತ ಎದೆಯ ಮೇಲೆ ಅಚ್ಚಾಗಿತ್ತು. ಪಂದ್ಯ ಮುಗಿದು ಲೀಗ್ ನಡೆಸುವ ಕಮಿಷನರ್ ಟ್ರೋಫಿ ಕೊಡಲು ಬಂದಾಗ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಬಂದಿದ್ದ ಜನ ಒಂದೇ ದನಿಯಲ್ಲಿ ಕೂಗಿದರು, ಅವರಿಗೆ ಸಂಬಳ ಕೊಡಿ, ಸಂಬಳ ಕೊಡಿ. ಕಮಿಷನರ್ ಕೈಯಲ್ಲಿ ಸದ್ಯಕ್ಕೆ ಟ್ರೋಫಿ ಇತ್ತು, ಅದನ್ನೇ ಕೊಟ್ಟರು.