ಕೂಪಿನ ರಸ್ತೆಯ ಮಂಡೂಕಗಳು

ನಮ್ಮ ಮನೆಗೆ ದಾರಿ ಕೇಳಿದವರನ್ನು ನಾನು ಮೊದಲು ಕೇಳೋದು 'ಯಾವ ಗಾಡಿ?' ಅಂತ. ಕಾರು ಅಂದರೆ ತಾರು ರಸ್ತೆಯಲ್ಲೇ ನಿಲ್ಲಿಸಿ ನಡೆದು ಬನ್ನಿ ಅಂತೀನಿ. ಬೈಕು ಅಂದರೆ ಹಿಂದೆ ಕೂತವರು ನಡೆದು ಬರಲಿ ಅಂತೀನಿ. ಜೀಪು ಅಂದರೆ 'ನಿಮ್ಮದಾ, ಬೇರೆಯವರದಾ?' ಅಂತ ವಿಚಾರಿಸಿಕೊಂಡು ಆಮೇಲೆ ಮುಂದಿನ ಮಾತು.

ತೀರ್ಥಹಳ್ಳಿ ಸೀಮೆಯ ನಮ್ಮ ಮೂರು ಮನೆಗೆ ಇರೋದು ಒಂದೇ ದಾರಿ, ಒಂದೂಮುಕ್ಕಾಲು ಕಿಲೋಮೀಟರಿನ ಕೂಪಿನ ರಸ್ತೆ. ಕೂಪು ಅಂದರೆ ಮರ ಕಡಿಯೋಕೆ ಅಂತ ಅರಣ್ಯ ಇಲಾಖೆಯವರು ಗುರುತು ಹಾಕಿದ ಕಾಡಿನ ತುಂಡು. ಮೂಲ ಫ್ರೆಂಚ್ ಮಾತು, ಕಡಿತ ಅಂತ ಅರ್ಥ, ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳ ಬಾಯಿಂದ ನಮ್ಮ ಬಾಯಿಗೆ ಬಿತ್ತು. ನಮ್ಮಜ್ಜ ಮಾತ್ರ ಅದು ಸಂಸ್ಕೃತದ ಕೂಪ, ಅಂದರೆ ಬಾವಿ ಅಂತಲೇ ಕೊನೆ ತನಕ ನಂಬಿದ್ದರು. ಶ್ರಾವಣದಲ್ಲಿ ಈ ರಸ್ತೆ ನೋಡಿದ ಯಾರಿಗೂ ಅವರನ್ನು ತಿದ್ದೋ ಧೈರ್ಯ ಬರಲಿಲ್ಲ. ಆ ಲೆಕ್ಕದಲ್ಲಿ ಇದರ ತುದಿಯಲ್ಲಿ ವಾಸ ಮಾಡೋ ನಾವು ಶಾಸ್ತ್ರೋಕ್ತವಾಗಿ ಕೂಪಮಂಡೂಕಗಳು.

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದಾಗ ಕುಲುಮೆಗೆ ಬೇಕಾದ ಇದ್ದಿಲು ಹೋಗಿದ್ದು ಮಲೆನಾಡಿನ ಕಾಡುಗಳಿಂದ. ಆಮೇಲೆ ನಾಟಾ ಲಾರಿಗಳು ಬಂದವು. ಅತ್ತ ಶಿರಸಿ ಹತ್ತಿರದ ಸಲ್ಕಣಿಯಲ್ಲಿ ಜನ 1983ರಲ್ಲಿ ಮರ ಅಪ್ಪಿಕೊಂಡು ನಿಂತು ಅಪ್ಪಿಕೋ ಚಳವಳಿ ಶುರು ಮಾಡಿದ್ದು ಇಂಥದ್ದೇ ಕೂಪಿನ ವಿರುದ್ಧ. ನಮ್ಮ ಕಡೆ ಕಾಡುಮರದ ಲಾರಿ ನಿಂತ ಮೇಲೆ ಅಕೇಶಿಯಾ ಲಾರಿ ಓಡಿತು, ಕಾಗದದ ಕಾರ್ಖಾನೆಗೆ. ಕಾರ್ಖಾನೆಯೂ ನಿಂತಿತು. ಲಾರಿ ಓಡೋ ತನಕ ಕಂಟ್ರಾಕ್ಟರ್ ರಸ್ತೆ ನೋಡಿಕೊಳ್ತಿದ್ದ. ಅವನು ಹೋದ ಮೇಲೆ ಅದನ್ನು ನೋಡಿಕೊಂಡಿದ್ದು ಮಳೆರಾಯ ಒಬ್ಬನೇ.

ಹೀಗಾಗಿ ನಮ್ಮ ರಸ್ತೆಯ ಗುಂಡಿಗಳಿಗೆಲ್ಲ ಹೆಸರಿದೆ. ಮೊದಲನೆಯದು ಮೇಷ್ಟ್ರ ಗುಂಡಿ, ಜನಗಣತಿಗೆ ಬಂದ ಮೇಷ್ಟ್ರು ಬೈಕ್ ಸಮೇತ ಮಲಗಿದ ಸ್ಥಳ. ಆಮೇಲೆ ಸಿಲಿಂಡರ್ ಗುಂಡಿ. ಬೈಕಿನ ಹಿಂದಿನಿಂದ ಉರುಳಿದ ತುಂಬಿದ ಸಿಲಿಂಡರು ಇಳಿಜಾರಿನಲ್ಲಿ ಕುಣಿಯುತ್ತಾ ಹೋಗಿ ಗದ್ದೆ ಅಂಚಿನಲ್ಲಿ ನಿಂತಿತ್ತು. ಅದು ನಿಲ್ಲೋವರೆಗೆ ಇಬ್ಬರು ಹಲಸಿನ ಮರದ ಹಿಂದೆ ಅವಿತು ಕೂತಿದ್ದೆವು. ಎಲ್ಲಕ್ಕಿಂತ ದೊಡ್ಡದು ಬೀಗರ ಗುಂಡಿ. ಅದರ ಕಥೆ ಬರೆದರೆ ಮನೆಯಲ್ಲಿ ಊಟ ಸಿಗೋದಿಲ್ಲ.

ಹೋದ ವರ್ಷ ಅಡಿಕೆ ಮೂಟೆ ಒಯ್ಯೋ ಪಿಕಪ್‌ನವನು 'ಗೌಡ್ರೇ, ನಾಳೆಯಿಂದ ಮೂಟೆನ ತಾರ್ ರೋಡಿಗೆ ನೀವೇ ಹೊತ್ಕಂಡು ಬನ್ನಿ' ಅಂದ ಮೇಲೆ ಮೂರೂ ಮನೆಯವರು ಮೇಲಿನ ಮನೆ ಜಗಲಿಯಲ್ಲಿ ಸೇರಿದೆವು. ದುಡ್ಡು ಹಾಕೋಣ ಅನ್ನೋದು ಕಾಫಿ ಬರೋದರೊಳಗೆ ತೀರ್ಮಾನವಾಯಿತು. ಯಾವ ಮೆಷಿನ್ ಅನ್ನೋದಕ್ಕೆ ಊಟದ ಹೊತ್ತಾಯಿತು. ನಾನು ಜೆಸಿಬಿ ಅಂದೆ. ಮೇಲಿನ ಮನೆ ಚಿಕ್ಕಪ್ಪ ನನ್ನನ್ನು ಅಯ್ಯೋ ಪಾಪ ಅನ್ನೋ ಥರ ನೋಡಿದರು.

"ಜೆಸಿಬಿ ಅಂದ್ರೆ ಚಮಚ ಮಾರಾಯ. ತೋಡ್ತದೆ, ಆ ಕಡೆ ಹಾಕ್ತದೆ. ಡೋಜರ್ ಅಂದ್ರೆ ದೋಸೆ ಹುಯ್ದಂಗೆ. ಒಂದ್ಸಲ ಎಳೆದ್ರೆ ಮುಗೀತು."

ಚಿಕ್ಕಪ್ಪನಿಗೆ ಡೋಜರ್ ಮೇಲೆ ಹಳೇ ಪ್ರೀತಿ. ಈ ರಸ್ತೆಯನ್ನು ಲಾರಿಗೆ ಅಗಲ ಮಾಡಿದಾಗ ಅವರು ಆರನೇ ಕ್ಲಾಸು. ಮೂರು ದಿನ ಸ್ಕೂಲ್ ತಪ್ಪಿಸಿ ಡೋಜರ್ ನೋಡಿದ್ದರಂತೆ, ನಾಲ್ಕನೇ ದಿನ ಅವರಪ್ಪನ ಕೈಯಲ್ಲಿ ಪೆಟ್ಟು ತಿಂದರಂತೆ. ಐವತ್ತು ವರ್ಷದ ಆಸೆಯ ಎದುರು ನನ್ನ ಚಮಚ ಏನು ಮಾಡೀತು? ಡೋಜರ್ ಅಂತಲೇ ಆಯಿತು.

ಆಗ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ ಮೇಸ್ತ್ರಿ ಅಜ್ಜ, ಕೂಪಿನ ಕಾಲದಲ್ಲಿ ಇದೇ ರಸ್ತೆಗೆ ಗುದ್ದಲಿ ಹಿಡಿದವರು, "ಮಾಡೋದಾದ್ರೆ ದೀಪಾವಳಿ ಕಳೀತಿದ್ದಂಗೆ ಮಾಡಿ. ಮಣ್ಣಲ್ಲಿ ಪಸೆ ಇರ್ಬೇಕು" ಅಂದರು. ಸರಿ ಅಂದೆವು. ಆದರೆ ಜೆಸಿಬಿ ಸಂತೆಗೆ ಹತ್ತು ಸಿಗುವ ಈ ಕಾಲದಲ್ಲಿ ಡೋಜರ್ ಹುಡುಕೋದು ಮದುವೆಗೆ ಹುಡುಗಿ ಹುಡುಕಿದ ಹಾಗೆ. ಒಂದು ಸಿಕ್ಕಿತು, ಕೆರೆ ಹೂಳೆತ್ತೋಕೆ ಹೋಗಿತ್ತು. ಅಲ್ಲಿಂದ ಯಾರದೋ ಲೇಔಟಿಗೆ ಹೋಯಿತು. ನಮ್ಮಲ್ಲಿಗೆ ಬಂದಾಗ ಮೇ ಇಪ್ಪತ್ತು.

ಬಂದದ್ದು ಬೆಳಿಗ್ಗೆ ಏಳಕ್ಕೆ, ಟ್ರೈಲರ್ ಮೇಲೆ ಕೂತು. ಟ್ರೈಲರಿಗೆ ನಮ್ಮ ತಿರುವು ತಿರುಗಲಿಲ್ಲ. ಅರವತ್ತು ಅಡಿ ಈಚೆಗೇ ಇಳಿಸಿದರು. ಡೋಜರಿಗೆ ಚಕ್ರದ ಬದಲು ಇರೋ ಕಬ್ಬಿಣದ ಪಟ್ಟಾ ತಾರಿನ ಮೇಲೆ ಹರಿದರೆ ಗೊರಸಿನಂಥ ಅಂಚುಗಳು ತಾರನ್ನು ಬಗೆದು ಹಾಕುತ್ತವೆ. ಆದ್ದರಿಂದ ಹಳೇ ಟಯರು, ಅಡಿಕೆ ದಬ್ಬೆ ಹಾಸಿ, ಹಿಂದೆ ಹರಿದು ಆದದ್ದನ್ನು ಎತ್ತಿಕೊಂಡು ಮುಂದಕ್ಕೆ ಓಡಿ ಮತ್ತೆ ಹಾಸಿ, ದೇವರ ಅಡ್ಡಪಲ್ಲಕ್ಕಿಗೆ ನಡೆಮಡಿ ಹಾಸಿದ ಹಾಗೆ ಕರೆತಂದೆವು. ಒಂದ್ಸಲ ಡೋಜರ್ ಹರಿದ ಅಡಿಕೆ ದಬ್ಬೆ ನಾರು ನಾರಾಗಿ ಪಾತ್ರೆ ತಿಕ್ಕೋಕೆ ತಯಾರಾಗಿತ್ತು. ಅರವತ್ತು ಅಡಿಗೆ ನಲವತ್ತು ನಿಮಿಷ. ಗಂಟೆ ಲೆಕ್ಕ ಬರೆಯೋ ಕೆಲಸ ನನ್ನದು. ನೋಟ್‌ಬುಕ್ಕಿನಲ್ಲಿ ಮೊದಲ ಸಾಲು: '40 ನಿಮಿಷ, ರಸ್ತೆ ಇನ್ನೂ ಶುರುವಾಗಿಲ್ಲ.'

ಅಷ್ಟೊತ್ತಿಗೆ ಅರಣ್ಯ ಇಲಾಖೆಯ ಗಾರ್ಡು ಬಂದು ನಿಂತಿದ್ದರು. ರಸ್ತೆಯ ನಡುವಿನ ತುಂಡು ಪ್ಲಾಂಟೇಶನ್ ಒಳಗೆ ಹಾಯುತ್ತದೆ. ಇದ್ದ ರಸ್ತೆ ಸರಿ ಮಾಡ್ಕಳಿ, ಒಂದು ಅಡಿ ಅಗಲ ಮಾಡಂಗಿಲ್ಲ, ಒಂದು ಮರಕ್ಕೆ ಬ್ಲೇಡು ತಾಗಂಗಿಲ್ಲ ಅಂತ ಮೊದಲೇ ಹೇಳಿದ್ದರು. ಈಗ ಮತ್ತೊಮ್ಮೆ ಹೇಳಿ, ಕಾಫಿ ಕುಡಿದು, ಸಂಜೆ ಬರ್ತೀನಿ ಅಂತ ಹೋದರು.

ಆಪರೇಟರ್ ಗದಗದ ಕಡೆಯ ಹುಡುಗ. ಚಿಕ್ಕಪ್ಪ ಅವನ ಪಕ್ಕ ನಿಂತು, ಎಡಕ್ಕೆ ಎದ್ದು ನಿಂತ ಮಣ್ಣಿನ ಗೋಡೆ ತೋರಿಸಿ, "ನೋಡು ತಮಾ, ಎಂತದೇ ಆಗ್ಲಿ, ಧರೆ ಮುಟ್ಬೇಡ" ಅಂದರು.

ಹುಡುಗ ಗಾಬರಿಯಾದ. "ಏನಂದ್ರಿ?"

"ಧರೆ. ಧರೆ ಮುಟ್ಟೋ ಹಾಗೇ ಇಲ್ಲ. ಕುಸಿದ್ರೆ ಮೇಲಿನ ತೋಟ ಪೂರಾ ಕೆಳಗೆ ಬತ್ತದೆ."

ಅವನು ಕೆಳಗೆ ನೆಲ ನೋಡಿದ, ಬ್ಲೇಡ್ ನೋಡಿದ, ಕೊನೆಗೆ ನನ್ನ ಕಡೆ ತಿರುಗಿದ. "ಧರಿ ಮುಟ್ಟಲಾರದ ಡೋಜರ್ ಹೆಂಗ ಓಡಸ್ಬೇಕ್ರಿ, ಸಾಹೇಬ್ರ? ಹಾರಿಸ್ಲೇನು?"

ನಮ್ಮಲ್ಲಿ ಧರೆ ಅಂದರೆ ಗುಡ್ಡ ಕಡಿದಾಗ ಎದ್ದು ನಿಲ್ಲೋ ಮಣ್ಣಿನ ಗೋಡೆ. ಅವನ ಊರಲ್ಲಿ ಗುಡ್ಡ ಕಡಿಯೋ ಪ್ರಸಂಗವೇ ಕಡಿಮೆ. ಹಾಗಾಗಿ ಧರೆ ಅಂದರೆ ಸಾಕ್ಷಾತ್ ಭೂಮಿತಾಯಿ. ಇದನ್ನು ಬಿಡಿಸಿ ಹೇಳೋದಕ್ಕೆ ಹತ್ತು ನಿಮಿಷ ಹೋಯಿತು. ಇಂಜಿನ್ ಓಡುತ್ತಲೇ ಇತ್ತು. ಅದನ್ನೂ ಬರೆದುಕೊಂಡೆ: '10 ನಿಮಿಷ, ಭಾಷಾಶಾಸ್ತ್ರ.'

ಆಮೇಲೆ ಕೆಲಸ ಶುರುವಾಯಿತು ನೋಡಿ, ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ. ಬ್ಲೇಡು ಕೆಳಗಿಟ್ಟು ಒಂದು ಸಲ ಎಳೆದರೆ ಉಬ್ಬು ಕೆರೆದು ಹೊಂಡಕ್ಕೆ ಬೀಳುತ್ತಿತ್ತು. ಮೇಷ್ಟ್ರ ಗುಂಡಿ ಐದೇ ನಿಮಿಷಕ್ಕೆ ಇತಿಹಾಸ ಸೇರಿತು. ಬೀಗರ ಗುಂಡಿ ಮುಚ್ಚುವಾಗ ಮನೆಯಾಕೆ ಖುದ್ದು ಬಂದು ನಿಂತು ನೋಡಿದಳು, ಮಾತಾಡಲಿಲ್ಲ. ಕೆಂಪು ಧೂಳು ಎದ್ದು ನಮ್ಮೆಲ್ಲರ ಹುಬ್ಬು ಕೂತಲ್ಲೇ ಬಣ್ಣ ಬದಲಿಸಿತು. ಆಪರೇಟರ್ ಒಮ್ಮೆ ಇಳಿದು ಬಂದು ಪುಡಿಮಣ್ಣು ಮುಷ್ಟಿಯಲ್ಲಿ ಹಿಡಿದು ನೋಡಿ, "ಮಣ್ಣು ಒಣಾ ಅದ ರೀ. ಡೋಜರ್ ಹಾದ್ರ ದಮ್ಮಸ್ ಆಗೂದಿಲ್ಲ. ರೋಲರ್ ತರಸ್ರಿ" ಅಂದ. ಚಿಕ್ಕಪ್ಪ ನಂಬಲಿಲ್ಲ. ಹತ್ತು ಟನ್ನಿಗೂ ಮೇಲಿನ ಭಾರ ಮಣ್ಣು ಕೂರಿಸದೇ ಇರುತ್ತಾ? ಹುಡುಗ ಹೇಳಿದ್ದೇ ನಿಜ. ಆ ತೂಕವೆಲ್ಲ ಉದ್ದಗಲದ ಪಟ್ಟಾಕ್ಕೆ ಹಂಚಿಹೋಗಿ, ಅಂಗೈಯಗಲದ ನೆಲದ ಮೇಲೆ ಬೀಳೋ ಒತ್ತಡ ಮನುಷ್ಯ ನಿಂತಾಗ ಬೀಳೋದಕ್ಕಿಂತ ತೀರಾ ಜಾಸ್ತಿ ಇರೋದಿಲ್ಲ. ಕೆಸರಲ್ಲಿ ಲಾರಿ ಹೂತರೂ ಡೋಜರ್ ಹಾಯೋದು ಅದಕ್ಕೇ.

ಈ ಲೆಕ್ಕ ನಮ್ಮ ಹಳೇ ಮೋರಿಗೆ ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಮನೆಯಿಂದ ಫೋನು: ನಲ್ಲಿಯಲ್ಲಿ ಗಾಳಿ ಬರ್ತಾ ಇದೆ. ಗುಡ್ಡದ ಒರತೆಯಿಂದ ಬರೋ ಕರೀ ಪೈಪು ರಸ್ತೆಯ ಅಡ್ಡಕ್ಕೆ ಹೂತಿದ್ದನ್ನು ಮೂರೂ ಮನೆಯವರು ಮರೆತಿದ್ದೆವು. ಬ್ಲೇಡು ಮರೆತಿರಲಿಲ್ಲ. ಆ ಫೋನ್ ಕಿವಿಯಲ್ಲಿರುವಾಗಲೇ ಎದುರಿಗೆ ಹಲಸಿನ ಕಾಯಿ ಬಿದ್ದಂಥ ಸದ್ದು. ಕಂಟ್ರಾಕ್ಟರ್ ಕಾಲದ ಕಲ್ಲುಚಪ್ಪಡಿ ಮೋರಿ ಮುರಿದು ಡೋಜರಿನ ಎಡಗಾಲು ಒಳಗೆ. ಮೆಷಿನ್ ವಾಲಿ ನಿಂತಿದ್ದು ಹೇಗಿತ್ತು ಅಂದರೆ, ಜಾತ್ರೆ ತೇರಿನ ಚಕ್ರ ಹೂತ ಹಾಗೆ. ಊರವರೆಲ್ಲ ಸೇರಿ ಎಳೆಯೋಣ ಅಂದರೆ ಮೂರೇ ಮನೆ.

ಚಿಕ್ಕಪ್ಪ ಸುತ್ತ ಎರಡು ಸಲ ಬಂದರು. ಮೂರನೇ ಸಲ ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಆ ಜೆಸಿಬಿಯವ್ನ ನಂಬರ್ ಇದ್ಯಾ?" ಅಂದರು.

ಚಮಚ ಬಂತು. ಪಟ್ಟಾದ ಎದುರಿನ ಮಣ್ಣು ತೋಡಿ ಇಳಿಜಾರು ಮಾಡಿತು. ನಮ್ಮ ಹಿತ್ತಿಲಲ್ಲಿ ಗಾಳಿಗೆ ಬಿದ್ದಿದ್ದ ಸಿಲ್ವರ್ ಓಕಿನ ನಾಲ್ಕು ತುಂಡು ತಂದು ಪಟ್ಟಾದ ಕೆಳಗೆ ತುರುಕುತ್ತಿದ್ದೆವು. ಸಂಜೆ ಬರ್ತೀನಿ ಅಂದಿದ್ದ ಗಾರ್ಡು ಮಾತಿಗೆ ತಪ್ಪದೆ ಅದೇ ಗಳಿಗೆಗೆ ಬಂದರು. ಪ್ಲಾಂಟೇಶನ್ ಪಕ್ಕ, ಎರಡು ಮೆಷಿನ್, ನಾಲ್ಕು ನಾಟಾ, ಬೆವರುತ್ತಿರುವ ಏಳು ಜನ. ಅವರು ಏನೂ ಕೇಳಲಿಲ್ಲ, ಸುಮ್ಮನೆ ಪೆನ್ನು ತೆಗೆದರು. ಅವರನ್ನು ಹಿತ್ತಿಲಿಗೆ ಕರೆದೊಯ್ದು ಸಿಲ್ವರ್ ಓಕಿನ ಬುಡ ತೋರಿಸಿ, ತುಂಡಿಗೂ ಬುಡಕ್ಕೂ ದಾರದಲ್ಲಿ ಸುತ್ತಳತೆ ತೆಗೆದು ತಾಳೆ ಹಾಕಿ ಬರುವಷ್ಟರಲ್ಲಿ ಡೋಜರ್ ತಾನೇ ಹತ್ತಿ ಬಂದು ನಿಂತಿತ್ತು. ಆ ಮುಕ್ಕಾಲು ಗಂಟೆ ಎರಡೂ ಮೆಷಿನ್ನಿನ ಮೀಟರು ಜೋಡೆತ್ತಿನಂತೆ ಓಡಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಸಾಲದೇ ಹೋಯಿತು.

ಮಾರನೇ ದಿನ ಸಿಮೆಂಟ್ ಪೈಪು ಇಳಿಸಿ, ಮೋರಿ ಮುಚ್ಚಿ, ಕೆಲಸ ಮುಗಿಸಿದೆವು. ರಸ್ತೆ ಎಷ್ಟು ಚಂದ ಆಯಿತು ಅಂದರೆ ಚಿಕ್ಕಪ್ಪ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು. ಫೋಟೋ ತೆಗೆಸಿಕೊಂಡು ಬೆಂಗಳೂರಿನ ಮಗಳಿಗೆ ಕಳಿಸಿದರು. ಮೇಸ್ತ್ರಿ ಅಜ್ಜನನ್ನೂ ಕರೆದು ತೋರಿಸಿದರು. ಅಜ್ಜ ಕವಳ ಉಗಿದು, ಉಗಿದದ್ದು ಎತ್ತ ಹರಿಯುತ್ತದೆ ಅಂತ ನೋಡುತ್ತಾ ನಿಂತರು. ಅದು ಪಕ್ಕಕ್ಕೆ ಹೋಗಲಿಲ್ಲ, ನಡುರಸ್ತೆಯಲ್ಲೇ ಕೆಳಗಿಳಿಯಿತು.

"ರಸ್ತೆ ಚಂದ ಆಗ್ಯದೆ, ಒಡೆಯ" ಅಂದರು. "ನೀರು ಎಲ್ಲಿಂದ ಹೋಗ್ತದೆ?"

ಆಗ ಕಣ್ಣುಬಿಟ್ಟು ನೋಡಿದೆ. ಕೆರೆದು ಕೆರೆದು ರಸ್ತೆ ಎರಡೂ ಪಕ್ಕಕ್ಕಿಂತ ಒಂದಡಿ ತಗ್ಗಾಗಿತ್ತು. ಬ್ಲೇಡಿನ ಎರಡು ತುದಿಯಿಂದ ಜಾರಿದ ಮಣ್ಣು ಅಂಚಿನುದ್ದಕ್ಕೂ ಬದುವಿನಂತೆ ಕೂತಿತ್ತು. ಇಷ್ಟು ನೀಟಾದ ನಾಲೆಯನ್ನು ನೀರಾವರಿಯವರು ಕೂಡ ತೋಡಲಾರರು. ಅಜ್ಜ ಹೇಳಿದ್ದು ಇಷ್ಟೆ: ನಡು ಎತ್ತರ ಇರಬೇಕು, ಬದು ಅಲ್ಲಲ್ಲಿ ಕಡೀಬೇಕು, ಇಳಿಜಾರಿನಲ್ಲಿ ಇಪ್ಪತ್ತು ಮಾರಿಗೊಂದು ಓರೆಯಾಗಿ ಅಡ್ಡಚರಂಡಿ ಬೇಕು. ನಾಲ್ಕಾಳು, ನಾಲ್ಕು ದಿನ.

"ಇಷ್ಟು ನುಣ್ಣಗೆ ಮಾಡ್ಸಿ ಮತ್ತೆ ಅಗಿಯೋದಾ?" ಚಿಕ್ಕಪ್ಪನಿಗೆ ಹೊಟ್ಟೆ ಉರಿಯಿತು. ಒಂದು ವಾರ ಕಣ್ತುಂಬ ನೋಡ್ಕತೀನಿ, ಆಮೇಲೆ ಅಗೀರಿ ಅಂದರು. ರೋಹಿಣಿ ಮಳೆ ಧೂಳು ಅಡಗಿಸುವಷ್ಟು ಬಂದು ಹೋಯಿತು, ಅವರ ವಾರ ಎರಡು ವಾರವಾಯಿತು.

ಮೃಗಶಿರಾ ಹುಟ್ಟಿದ ಮೂರನೇ ರಾತ್ರಿ ಹೊಯ್ದಿದ್ದು ಮಳೆಯಲ್ಲ, ಆಕಾಶ ಹರಿದು ಕೈಗೆ ಬಂದಿತ್ತು. ಬೆಳಗಿನ ಜಾವ ಟಾರ್ಚ್ ಬೆಳಕು ಕಂಡು ಕೊಡೆ ಹಿಡಿದು ಹೋದೆ. ಸಿಲಿಂಡರ್ ಗುಂಡಿಯಿದ್ದ ಜಾಗದಿಂದ ಗದ್ದೆ ತನಕ ರಸ್ತೆ ಕೆಂಪು ಹಳ್ಳವಾಗಿ ಭೋರ್ಗರೆಯುತ್ತಿತ್ತು. ಕೆಳಗಿನ ಮನೆ ಹುಡುಗರು ರಸ್ತೆಯ ನಡುವೆ ಅಡ್ಡ ಕಲ್ಲಿಟ್ಟು, ಸಂದಿಗೆ ಮೀನು ಹಿಡಿಯೋ ಕೂಣಿ ಒಡ್ಡಿ ಕೂತಿದ್ದರು. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನು ಈ ಸಲ ಗದ್ದೆಯನ್ನೂ ದಾಟಿ ನೇರ ನಮ್ಮ ರಸ್ತೆ ಹತ್ತುತ್ತಿದ್ದವು. ಅರ್ಧ ಬಕೆಟ್ ಆಗಲೇ ತುಂಬಿತ್ತು.

ಬದುವಿನ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡ ಮೇಸ್ತ್ರಿ ಅಜ್ಜ ಗುದ್ದಲಿ ಎತ್ತಿ ನಿಂತಿದ್ದರು, ಕಡಿದು ನೀರು ಪಕ್ಕಕ್ಕೆ ಬಿಡೋಕೆ. ಚಿಕ್ಕಪ್ಪ ಲುಂಗಿ ಎತ್ತಿ ಕಟ್ಟಿ ಮೊಣಕಾಲುದ್ದ ನೀರಲ್ಲಿ, ಅಂದರೆ ನಮ್ಮ ಮೂರು ಮನೆಯ ದುಡ್ಡಿನಲ್ಲಿ, ನಿಂತು ಕೈ ಅಡ್ಡ ಹಿಡಿದಿದ್ದರು.

"ಒಂಚೂರು ತಡಿ ಮಾರಾಯ" ಅಂತಿದ್ದರು. "ಮೀನು ಹತ್ತಿ ಆಗ್ಲಿ."