ಅವಳಿಗೆ ಎಲ್ಲಿಯ ಹಳೇ ಮೋಹ?

"ಹಳೇ ಮೋಹ ಕಣೋ ನಿಂದು, ಬೇರೇನಿಲ್ಲ." ನಿನ್ನೆ ಮನೆಗೆ ಬಂದಿದ್ದ ಗೆಳೆಯ ನನ್ನ ಹಳೇ ಕೀಬೋರ್ಡ್ ನೋಡಿ ಹೀಗಂದು ಹೋದ. ಆಗಿನಿಂದ ಅದೇ ಮಾತು ತಲೆ ಕೊರೆಯುತ್ತಿದೆ.

ಆ ಕೀಬೋರ್ಡ್ ಕ್ಯಾಸಿಯೊ ಸಿಝಡ್-101. 1980ರ ದಶಕದ ನಡುವಿನದು. 49 ಪುಟ್ಟ ಕೀಗಳು. ನೋಡಿದರೆ ಮಕ್ಕಳ ಆಟಿಕೆ ಅನ್ನಬೇಕು. ಒಳಗಿರುವುದು ಮಾತ್ರ ಪೂರ್ತಿ ಸಿಂತಸೈಸರ್, ಅಂದರೆ ವಿದ್ಯುತ್ತಿನಿಂದ ಸೌಂಡ್ ಹುಟ್ಟಿಸಿ ಬೇಕಾದಂತೆ ತಿದ್ದುವ ವಾದ್ಯ. ಯಮಹಾ ಡಿಎಕ್ಸ್7ನಂಥ ದುಬಾರಿ ಸಿಂತಸೈಸರ್ ಕೈಗೆಟುಕದವರೂ ಕೂತು ತಮ್ಮದೇ ಸೌಂಡ್ ಕಟ್ಟಬಹುದು ಅಂತ ತೋರಿಸಿದ ವಾದ್ಯ ಅದು.

ಗೆಳೆಯ ಬಂದಾಗ ಅದರ ಮುಂದೆ ಕೂತಿದ್ದವಳು ನನ್ನ ಅಕ್ಕನ ಮಗಳು. ಹದಿಮೂರು ವರ್ಷ. ಅದರ ಎನ್ವಲಪ್‌ನಲ್ಲಿ 8 ಹಂತ. ಎನ್ವಲಪ್ ಅಂದರೆ ಕೀ ಒತ್ತಿದ ಮೇಲೆ ಸೌಂಡ್ ಹೇಗೆ ಏರಿ ಇಳಿಯಬೇಕು ಅನ್ನುವ ನಕ್ಷೆ. ಪ್ರತಿ ಹಂತಕ್ಕೂ ಎಷ್ಟು ವೇಗ, ಎಷ್ಟು ಎತ್ತರ ಅಂತ ಬಟನ್ ಒತ್ತಿ ಹೇಳಬೇಕು. ಅವಳು ಒಂದು ಹಂತದ ವೇಗ ಇಳಿಸಿ ಕೀ ಒತ್ತಿ ಹಿಡಿದಳು. ಮಂಕಾಗಿ ಎದ್ದ ಸೌಂಡ್ ನಿಧಾನಕ್ಕೆ ಹರಿತವಾಗುತ್ತಾ ಹೋಯಿತು, ಆಮೇಲೆ ಮುದುಡಿಕೊಂಡಿತು. "ಮಾಮ, ಇದು ನಾನೇ ಮಾಡಿದ್ದಾ?" ಅಂದಳು. ಎರಡು ಗಂಟೆ ಅಲ್ಲಿಂದ ಏಳಲಿಲ್ಲ.

ಈಗ ಹೇಳಿ, ಈ ಹುಡುಗಿಗೆ ಎಲ್ಲಿಯ ಹಳೇ ಮೋಹ? ಆ ವಾದ್ಯ ಬಂದಾಗ ಅವಳು ಹುಟ್ಟೇ ಇರಲಿಲ್ಲ!

ಲ್ಯಾಪ್‌ಟಾಪ್‌ನಲ್ಲಿ ಇದೇ ಸೌಂಡ್ ಸಿಗಲ್ವಾ ಅಂತೀರಿ. ಸಿಗುತ್ತದೆ. ಕೆಡುವ ಭಯವೂ ಇಲ್ಲ. ಆದರೆ ಅಲ್ಲಿ ಸಾವಿರಾರು ಸೌಂಡ್ ಮೊದಲೇ ತುಂಬಿರುತ್ತವೆ. ಅದು ಬೇಡ, ಇದು ಬೇಡ ಅಂತ ಆರಿಸುತ್ತಾ ಆರಿಸುತ್ತಾ, ಒಂದು ಸಾಲೂ ನುಡಿಸದೆ ಎಷ್ಟೋ ರಾತ್ರಿ ಮಲಗಿದ್ದೇನೆ. ಸಿಝಡ್ ಒಳಗೆ ಕ್ಯಾಸಿಯೊದವರು ಕೊಟ್ಟ ಸೌಂಡ್ 16, ನಮ್ಮದಕ್ಕೆ ಜಾಗ 16. ಅಷ್ಟೇ. ಬೇರೆ ಬೇಕಾದರೆ ನೀವೇ ಮಾಡಬೇಕು.

ಅಗ್ಗದ ವಾದ್ಯ ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ರೋಲ್ಯಾಂಡ್ ಟಿಬಿ-303 ಅನ್ನುವ ಪುಟ್ಟ ಬೇಸ್ ಸಿಂತಸೈಸರ್ ಸರಿಯಾಗಿ ಮಾರಾಟವಾಗದೆ 1984ರಲ್ಲೇ ನಿಂತುಹೋಯಿತು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದರಿಂದಲೇ ಅದು ಶಿಕಾಗೋ ಹುಡುಗರ ಕೈಗೆ ಬಂತು, ಆಸಿಡ್ ಹೌಸ್ ಅನ್ನುವ ಡಾನ್ಸ್ ಸಂಗೀತ ಹುಟ್ಟಿತು. ದುಬಾರಿಯಾಗಿದ್ದರೆ ಅವರು ಮುಟ್ಟುತ್ತಿದ್ದರಾ?

ಇನ್ನೊಂದು ಮಾತು, ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಸಂಗೀತವನ್ನೇ ಬಿಟ್ಟುಬಿಡೋಣ ಅನಿಸಿತ್ತು. ಸಿಝಡ್‌ನ ಮೂರು ಕೀ ಸತ್ತಿದ್ದವು. ಒಂದು ಮಧ್ಯಾಹ್ನ ಸುಮ್ನೆ ಬಿಚ್ಚಿದೆ. ಕೀಗಳ ಕೆಳಗೆ ರಬ್ಬರ್ ಪಟ್ಟಿ, ಅದರಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳು. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಂದೊಂದಾಗಿ ಒರೆಸಿದೆ. ಹತ್ತಿ ಕಪ್ಪಾಯಿತು. ಎಲ್ಲ ಜೋಡಿಸಿ ಒತ್ತಿದರೆ ಮೂರೂ ನುಡಿದವು. ಅವತ್ತು ಕತ್ತಲಾಗುವವರೆಗೂ ನುಡಿಸಿದೆ.

ಅದೇ ಮೂರು ಕೀಗಳ ಮೇಲೆ ನಿನ್ನೆ ಅವಳ ಬೆರಳು ಓಡುತ್ತಿತ್ತು. ಹೊರಡುವ ಮುಂಚೆ ತನ್ನ ಸೌಂಡ್ ಉಳಿಸಬೇಕು ಅಂದಳು. 16 ಜಾಗವೂ ಭರ್ತಿ. ನನ್ನದೊಂದನ್ನು ಅಳಿಸಿ 7ನೆಯದರಲ್ಲಿ ಅವಳದನ್ನು ಕೂರಿಸಿದ್ದೇನೆ. ಭಾನುವಾರ ಮತ್ತೆ ಬರುತ್ತಾಳಂತೆ.